ಕರಗಿದ ಹೆಡ್‌ಲೈಟ್ ಹೋಲ್ಡರ್: ಕಾರಣ, ದುರಸ್ತಿ ಹಾಗೂ ವರ್ತಕರು ಗಮನಿಸಬೇಕಾದ ಅಂಶಗಳು

ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿರುವ ನಮ್ಮ ಸದಸ್ಯ ಬಾಂಧವರಿಗೆ ಈ ಗಿರಾಕಿ ಅಪರಿಚಿತನೇನಲ್ಲ. ಸರಕು ವ್ಯಾನಿನ ಮಾಲೀಕನೋ ಟ್ಯಾಕ್ಸಿ ಚಾಲಕನೋ ಆಗಿರುವ ಆತ ಆರು ತಿಂಗಳಲ್ಲಿ ಮೂರನೆಯ ಬಾರಿ ಹೆಡ್‌ಲೈಟ್ ಬಲ್ಬ್ ಕೇಳಿಕೊಂಡು ಬರುತ್ತಾನೆ. ಹಳೆಯ ಬಲ್ಬನ್ನು ಗಲ್ಲಾದ ಮೇಲಿಟ್ಟು, ಮಾಲೇ ಸರಿಯಿಲ್ಲವೆಂದು ದೂರುತ್ತಾನೆ. ಆ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ತಂತು ತುಂಡಾಗಿರುವುದಿಲ್ಲ. ಆದರೆ ಹಿಂಬದಿಯ ಮೂರು ಪಿನ್‌ಗಳಲ್ಲಿ ಒಂದು ಕಪ್ಪಿಟ್ಟು, ಅದರ ಬುಡಕ್ಕೆ ಕರಗಿದ ಪ್ಲಾಸ್ಟಿಕ್ಕಿನ ಚೂರು ಅಂಟಿಕೊಂಡಿರುತ್ತದೆ. ಕೆಟ್ಟಿರುವುದು ಬಲ್ಬ್ ಅಲ್ಲ, ಅದಕ್ಕೆ ಹಿಂದಿನಿಂದ ಸಿಕ್ಕಿಸುವ ಹೋಲ್ಡರ್. ಇನ್ನೊಂದು ಬಲ್ಬ್ ಮಾರಿದರೆ ಆ ದಿನದ ವ್ಯಾಪಾರವೇನೋ ಆಗುತ್ತದೆ, ಆದರೆ ಗಿರಾಕಿಯ ತೊಂದರೆ ಹಾಗೆಯೇ ಉಳಿಯುತ್ತದೆ.

ಹೋಲ್ಡರ್ ಏಕೆ ಕರಗುತ್ತದೆ ಎಂಬುದನ್ನು ತಿಳಿಯಲು ಸ್ವಲ್ಪ ಲೆಕ್ಕ ಅಗತ್ಯ. ನಮ್ಮ ರಸ್ತೆಗಳಲ್ಲಿ ಓಡುವ ಅಸಂಖ್ಯ ಕಾರು, ವ್ಯಾನುಗಳಲ್ಲಿರುವುದು ಎಚ್-4 ಮಾದರಿಯ ಹ್ಯಾಲೊಜೆನ್ ಬಲ್ಬ್. ಒಂದೇ ಗಾಜಿನೊಳಗೆ ಬ್ರೈಟ್ ಮತ್ತು ಡಿಮ್‌ಗೆಂದು ಎರಡು ತಂತುಗಳು. ಅವುಗಳ ನಿಗದಿತ ಸಾಮರ್ಥ್ಯ ಕ್ರಮವಾಗಿ 60 ಮತ್ತು 55 ವಾಟ್. ಹನ್ನೆರಡು ವೋಲ್ಟಿನ ಲೆಕ್ಕದಲ್ಲಿ 60 ವಾಟಿನ ತಂತು 5 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಹೋಲ್ಡರಿನ ಟರ್ಮಿನಲ್ ಬಿಗಿಯಾಗಿದ್ದಾಗ ಇದು ದೊಡ್ಡ ಹೊರೆಯಲ್ಲ. ವರ್ಷಗಟ್ಟಲೆಯ ಕುಲುಕಾಟ, ತೇವ, ಧೂಳುಗಳಿಂದ ಟರ್ಮಿನಲ್ ಸಡಿಲಗೊಂಡು ಮೇಲ್ಮೈ ಕಿಲುಬು ಹಿಡಿದಾಗ ಅಲ್ಲಿ ವಿದ್ಯುತ್ತಿಗೆ ತಡೆ ಹುಟ್ಟುತ್ತದೆ. ಆ ತಡೆ ಓಮ್‌ನ ಹತ್ತನೆಯ ಒಂದು ಭಾಗದಷ್ಟಾದರೂ ಸಾಕು, ಕಡಲೆಕಾಳಿನಷ್ಟು ಜಾಗದಲ್ಲಿ ಎರಡೂವರೆ ವಾಟ್ ಶಾಖ ನಿರಂತರವಾಗಿ ಉತ್ಪತ್ತಿಯಾಗುತ್ತದೆ. ಬಿಸಿಯಾದ ಟರ್ಮಿನಲ್ ತನ್ನ ಸ್ಪ್ರಿಂಗ್ ಗುಣವನ್ನು ಕಳೆದುಕೊಂಡು ಇನ್ನಷ್ಟು ಸಡಿಲವಾಗುತ್ತದೆ. ಸಡಿಲವಾದಂತೆ ಮತ್ತಷ್ಟು ಬಿಸಿಯಾಗುತ್ತದೆ. ಒಮ್ಮೆ ಈ ಚಕ್ರ ಆರಂಭವಾಯಿತೆಂದರೆ ಪ್ಲಾಸ್ಟಿಕ್ ಕರಗುವುದು ಬರೀ ಸಮಯದ ಮಾತು.

ಇಲ್ಲಿ ನಮ್ಮ ವ್ಯಾಪಾರಕ್ಕೇ ಸಂಬಂಧಿಸಿದ ಒಂದು ಕಹಿ ಸಂಗತಿಯನ್ನು ಹೇಳಲೇಬೇಕು. ಹೆಚ್ಚು ಬೆಳಕು ಬೇಕೆಂಬ ಗಿರಾಕಿಗೆ 100/90 ವಾಟಿನ ಬಲ್ಬ್ ಕೊಡುವ ರೂಢಿ ಬಹಳ ಕಾಲದಿಂದ ನಡೆದುಬಂದಿದೆ. ನೂರು ವಾಟಿನ ತಂತು ಎಳೆಯುವುದು 8.3 ಆಂಪಿಯರ್. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದೇ ಸಡಿಲ ಟರ್ಮಿನಲಿನಲ್ಲಿ ಈಗ ಎರಡೂವರೆಯ ಬದಲು ಸುಮಾರು ಏಳು ವಾಟ್ ಶಾಖ ಹುಟ್ಟುತ್ತದೆ. ವಾಹನ ತಯಾರಕರು 60 ವಾಟಿಗೆಂದು ಹಾಕಿದ ತಂತಿ, ಸ್ವಿಚ್ಚು, ಹೋಲ್ಡರುಗಳು ಇದನ್ನು ತಾಳಲಾರವು. ಎದುರಿನಿಂದ ಬರುವವರ ಕಣ್ಣು ಕುಕ್ಕುವುದು ಬೇರೆಯ ಮಾತು.

ವಿಪರ್ಯಾಸವೆಂದರೆ, ಬೆಳಕು ಮಂದವಾಗಲು ಅನೇಕ ವೇಳೆ ಇದೇ ತಡೆಯೇ ಕಾರಣ. ಹ್ಯಾಲೊಜೆನ್ ಬಲ್ಬಿಗೆ ದೊರೆಯುವ ವೋಲ್ಟೇಜಿನಲ್ಲಿ ಶೇ. 10ರಷ್ಟು ಕೊರತೆಯಾದರೆ ಬೆಳಕಿನಲ್ಲಿ ಸುಮಾರು ಶೇ. 30ರಷ್ಟು ನಷ್ಟವಾಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು ಬಲ್ಬಿನ ಬಳಿ 12.6 ಮಾತ್ರ ಇದ್ದರೆ ಮೂರರಲ್ಲೊಂದು ಪಾಲಿನಷ್ಟು ಬೆಳಕು ದಾರಿಯಲ್ಲೇ ಶಾಖವಾಗಿ ಸೋರಿಹೋಯಿತೆಂದೇ ಅರ್ಥ. ಅಂಥ ವಾಹನಕ್ಕೆ ಬೇಕಾದುದು ದೊಡ್ಡ ಬಲ್ಬ್ ಅಲ್ಲ, ಸರಿಯಾದ ಜೋಡಣೆ.

ಆದ್ದರಿಂದ ದುರಸ್ತಿಯನ್ನು ಅಳತೆಯಿಂದಲೇ ಆರಂಭಿಸುವುದು ಒಳ್ಳೆಯದು. ಹೆಡ್‌ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಹೋಲ್ಡರಿನ ಹಿಂಬದಿಯ ಪ್ಲಸ್ ತಂತಿಗೂ ಮುಟ್ಟಿಸಬೇಕು. ಮೀಟರ್ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ದೋಷವಿದೆ. ಅರ್ತ್ ಕಡೆಯನ್ನೂ ಹೀಗೆಯೇ ಬ್ಯಾಟರಿಯ ಮೈನಸ್‌ನೊಂದಿಗೆ ಪರೀಕ್ಷಿಸಬೇಕು. ತುಕ್ಕು ಹಿಡಿದ ಅರ್ತ್ ಬೋಲ್ಟನ್ನು ಬಿಚ್ಚಿ ಉಜ್ಜಿ ಬಿಗಿದ ಮಾತ್ರಕ್ಕೆ ಬೆಳಕು ಮರಳಿದ ವಾಹನಗಳು ಎಷ್ಟೋ ಇವೆ.

ಕರಗಿದ ಹೋಲ್ಡರನ್ನು ಉಳಿಸಿಕೊಳ್ಳುವ ಪ್ರಯತ್ನ ವ್ಯರ್ಥ. ಎಮೆರಿ ಕಾಗದದಿಂದ ಉಜ್ಜಿ, ಇಕ್ಕಳದಿಂದ ಒತ್ತಿ ಕೂರಿಸಿದ ಟರ್ಮಿನಲ್ ಕೆಲವೇ ವಾರ ಬಾಳುತ್ತದೆ, ಏಕೆಂದರೆ ಲೋಹದ ಬಿಗಿಯೇ ಹೋಗಿರುತ್ತದೆ. ಹೊಸ ಹೋಲ್ಡರ್ ಹಾಕಬೇಕು. ಪಿನ್ ಕಪ್ಪಾಗಿರುವ ಹಳೆಯ ಬಲ್ಬನ್ನು ಅದಕ್ಕೆ ಸಿಕ್ಕಿಸಬಾರದು, ಹೊಸ ಟರ್ಮಿನಲನ್ನೂ ಅದು ಕೆಡಿಸುತ್ತದೆ. ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಕಳಚಬೇಕು. ಹಳೆಯ ಹೋಲ್ಡರಿನ ಯಾವ ತಂತಿ ಯಾವ ಸ್ಥಾನದಲ್ಲಿದೆ ಎಂಬುದನ್ನು ಕತ್ತರಿಸುವ ಮುನ್ನವೇ ಗುರುತು ಮಾಡಿಕೊಳ್ಳಬೇಕು. ಜಪಾನೀ ವಿನ್ಯಾಸದ ಹಲವು ಕಾರುಗಳಲ್ಲಿ ಸಮಾನ ತಂತಿ ಅರ್ತ್ ಆಗಿರದೆ ಪ್ಲಸ್ ಆಗಿರುತ್ತದೆ, ಸ್ವಿಚ್ಚು ಅರ್ತ್ ಕಡೆ ಕೆಲಸ ಮಾಡುತ್ತದೆ. ಬಣ್ಣ ನೋಡಿ ಊಹಿಸಿ ಜೋಡಿಸುವವರು ಇಲ್ಲಿಯೇ ಎಡವುವುದು.

ತಂತಿಯನ್ನು ಎಷ್ಟು ಹಿಂದಕ್ಕೆ ಕತ್ತರಿಸಬೇಕು? ಶಾಖ ತಗುಲಿದ ತಾಮ್ರ ಹೊದಿಕೆಯೊಳಗೆ ಕಪ್ಪಾಗಿರುತ್ತದೆ. ಕೆಂಪಗೆ ಹೊಳೆಯುವ ತಾಮ್ರ ಕಾಣುವವರೆಗೂ ಇಂಚಿಂಚಾಗಿ ಹಿಂದೆ ಸರಿಯಬೇಕು. ಕಪ್ಪು ತಾಮ್ರಕ್ಕೆ ಬೆಸುಗೆಯೂ ಹತ್ತದು, ಒತ್ತುಜೋಡಣೆಯೂ ನಿಲ್ಲದು. ಜೋಡಣೆಗೆ ಅಳತೆಗೆ ತಕ್ಕ ತಾಮ್ರದ ಕೊಳವೆಯನ್ನು ಸರಿಯಾದ ಉಪಕರಣದಿಂದ ಒತ್ತಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸುವುದು ಉತ್ತಮ ಕ್ರಮ. ಬೆಸುಗೆಯನ್ನೇ ಮಾಡುವುದಾದರೆ ಜೋಡಣೆ ಬಲ್ಬಿನಿಂದ ದೂರವಿರಲಿ. ಸೀಸ ತಂತಿಯೊಳಗೆ ಹರಿದ ಕಡೆ ಎಳೆಗಳು ಬಿರುಸಾಗಿ ಕುಲುಕಾಟಕ್ಕೆ ತುಂಡಾಗುತ್ತವೆ, ಆದ್ದರಿಂದ ಆ ಭಾಗವನ್ನು ಅಲುಗದಂತೆ ಕಟ್ಟಿರಬೇಕು.

ತಂತಿಗಳನ್ನು ತಿರುಚಿ ಟೇಪು ಸುತ್ತುವುದಂತೂ ದುರಸ್ತಿಯೇ ಅಲ್ಲ. ಈ ಮಾತನ್ನು ಅನುಭವದಿಂದಲೇ ಬರೆಯುತ್ತಿದ್ದೇನೆ. ನಮ್ಮ ಅಂಗಡಿಯ ವ್ಯಾನಿಗೆ ಒಂದು ಗ್ಯಾರೇಜಿನಲ್ಲಿ ಹಾಗೆ ಸುತ್ತಿದ್ದ ಟೇಪು ಎಂಜಿನ್ನಿನ ಶಾಖಕ್ಕೆ ಬಿಚ್ಚಿಕೊಂಡು, ಮಳೆಗಾಲದ ಒಂದು ರಾತ್ರಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಎರಡೂ ದೀಪಗಳು ಒಮ್ಮೆಗೇ ಆರಿಹೋದವು. ಹಿಂದೆ ಬರುತ್ತಿದ್ದ ಲಾರಿಯ ಚಾಲಕ ನಿಧಾನಸ್ಥನಾಗಿದ್ದುದರಿಂದ ಆ ದಿನ ಬದುಕಿದೆವು.

ಘಾಟಿ ರಸ್ತೆಯಲ್ಲಿ, ರಾತ್ರಿ ಪ್ರಯಾಣದಲ್ಲಿ ಹೆಚ್ಚು ಓಡುವ ವಾಹನಗಳಿಗೆ ರಿಲೇ ಅಳವಡಿಸುವುದು ಲಾಭದಾಯಕ. ಆಗ ಬಲ್ಬಿನ ಪ್ರವಾಹ ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕ ಹಾಯದೆ ಬ್ಯಾಟರಿಯಿಂದ ನೇರವಾಗಿ ಬರುತ್ತದೆ. ರಿಲೇಯ 30ನೆಯ ಕಾಲಿಗೆ ಬ್ಯಾಟರಿಯಿಂದ 2.5 ಚದರ ಮಿ.ಮೀ. ತಂತಿ, 87ರಿಂದ ಹೋಲ್ಡರಿಗೆ, 85 ಮತ್ತು 86ಕ್ಕೆ ಹಳೆಯ ಹೋಲ್ಡರಿನ ತಂತಿಗಳು. ಡಿಮ್‌ಗೊಂದು, ಬ್ರೈಟ್‌ಗೊಂದು ಪ್ರತ್ಯೇಕ ರಿಲೇ. ಎರಡು ಬಲ್ಬುಗಳ ಒಂದೊಂದು ಸಾಲಿಗೂ ಬ್ಯಾಟರಿಯ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸ್ ಇರಲೇಬೇಕು. ಫ್ಯೂಸಿಲ್ಲದ ರಿಲೇ ಬೆಂಕಿಗೆ ಆಹ್ವಾನ. ವಾರಂಟಿಯಿರುವ ಹೊಸ ವಾಹನಗಳಲ್ಲಿ ಮಾತ್ರ ಅಧಿಕೃತ ಸರ್ವೀಸ್ ಕೇಂದ್ರವನ್ನು ಕೇಳದೆ ವೈರಿಂಗ್ ಮುಟ್ಟಬಾರದು.

ಇನ್ನು ಖರೀದಿಯ ವಿಚಾರ. ಸೆರಾಮಿಕ್ ಹೋಲ್ಡರುಗಳಿಗೆ ಬೇಡಿಕೆ ಇದೆ, ಅವು ಕರಗುವುದಿಲ್ಲವೆಂಬುದೂ ನಿಜ. ಆದರೆ ಒಳಗಿನ ಟರ್ಮಿನಲ್ ಕಳಪೆಯಾಗಿದ್ದರೆ ಶಾಖವಂತೂ ಹುಟ್ಟಿಯೇ ಹುಟ್ಟುತ್ತದೆ. ಕರಗುವ ಪ್ಲಾಸ್ಟಿಕ್ ಎಚ್ಚರಿಸುತ್ತಿತ್ತು, ಸೆರಾಮಿಕ್ ಅದನ್ನೂ ಮಾಡದೆ ತಂತಿಯ ಹೊದಿಕೆ ಸುಡುವವರೆಗೆ ಸುಮ್ಮನಿರುತ್ತದೆ. ಸಗಟು ಮಾಲು ಕೊಳ್ಳುವಾಗ ಎರಡು ಪರೀಕ್ಷೆಗಳನ್ನು ಅಂಗಡಿಯಲ್ಲೇ ಮಾಡಬಹುದು. ಟರ್ಮಿನಲಿಗೆ ಅಯಸ್ಕಾಂತ ಹಿಡಿಯಿರಿ: ಅಂಟಿದರೆ ಅದು ಹಿತ್ತಾಳೆಯಲ್ಲ, ಲೇಪ ಕೊಟ್ಟ ಕಬ್ಬಿಣ. ತಂತಿಯ ಎಳೆಯೊಂದನ್ನು ಬ್ಲೇಡಿನಿಂದ ಕೆರೆಯಿರಿ: ಕೆಂಪು ಮೇಲ್ಮೈಯ ಕೆಳಗೆ ಬಿಳಿ ಲೋಹ ಕಂಡರೆ ಅದು ತಾಮ್ರ ಸವರಿದ ಅಲ್ಯೂಮಿನಿಯಂ. ಅಂಥ ಮಾಲು ಎಷ್ಟೇ ಅಗ್ಗವಾಗಿ ಬಂದರೂ ಹಿಂದಿರುಗಿಸುವುದೇ ಲೇಸು.

ಕೆಲಸ ಮುಗಿದ ಮೇಲೆ ಗಾಜನ್ನು ಬೆರಳಿನಿಂದ ಮುಟ್ಟದೆ ಹೊಸ ಬಲ್ಬ್ ಕೂರಿಸಿ, ಎಂಜಿನ್ ಚಾಲೂ ಇಟ್ಟು ಅರ್ಧ ಗಂಟೆ ದೀಪ ಉರಿಸಬೇಕು. ನಂತರ ದೀಪ ಆರಿಸಿ ಎರಡೂ ಕಡೆಯ ಜೋಡಣೆಗಳ ಮೇಲಿನ ಸ್ಲೀವನ್ನು ಮುಟ್ಟಿ ಹೋಲಿಸಬೇಕು. ಒಂದು ಇನ್ನೊಂದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಆ ಜೋಡಣೆಯನ್ನು ಅಂದೇ ಬಿಚ್ಚಿ ಮತ್ತೆ ಮಾಡಿಸುವುದು ಸರಿ.