ಅರ್ಥವಿಲ್ಲದ ಇಪ್ಪತ್ತು ಪದಗಳು

ಲೆಸ್ಟರ್ ನಗರದ ಮೆಲ್ಟನ್ ರಸ್ತೆಯಲ್ಲಿ ಸೀರೆ ಅಂಗಡಿ, ಮಿಠಾಯಿ ಅಂಗಡಿಗಳ ಸಾಲು ದಾಟಿ ಒಳಗಲ್ಲಿಗೆ ತಿರುಗಿದರೆ ಕೆಂಪಿಟ್ಟಿಗೆಯ ಪ್ರಾಥಮಿಕ ಶಾಲೆ. ಬಾಗಿಲಲ್ಲಿ ಹೆಸರು ಬರೆಸಿ ಕೊರಳಿಗೆ ಸಂದರ್ಶಕರ ಪಟ್ಟಿ ಹಾಕಿಕೊಂಡ ಮೇಲೆಯೇ ಒಳಗೆ ಬಿಡುತ್ತಾರೆ. ಮಕ್ಕಳು ಅಕ್ಷರಗಳ ಧ್ವನಿ ಕೂಡಿಸಿ ಓದಬಲ್ಲರೇ ಎಂದು ನೋಡುವ ಜೂನ್‌ನ ಫೋನಿಕ್ಸ್ ಪರೀಕ್ಷೆ ಹತ್ತಿರ ಬಂದಿತ್ತು. ಪಾಠ ಹೇಗೆ ನಡೆಯುತ್ತದೆಂದು ನೋಡಲು ತಂದೆತಾಯಿಗಳನ್ನು ಕರೆದಿದ್ದರು. ಪರಿಚಯದ ಕನ್ನಡ ಕುಟುಂಬವೊಂದರ ಜೊತೆ ನಾನೂ ಹೋದೆ.

ಮೊದಲು ಸಿಗುವುದು ‘ರಿಸೆಪ್ಷನ್’, ಅಂದರೆ ನಾಲ್ಕು ದಾಟಿದ ಮಕ್ಕಳ ತರಗತಿ. ಗೋಡೆಯ ಮೇಲೆ ಅಕ್ಷರಗಳಿವೆ, ಎ-ಬಿ-ಸಿ-ಡಿ ಸಾಲಿಲ್ಲ. ಎಸ್, ಎ, ಟಿ, ಪಿ, ಐ, ಎನ್ ಎಂದು ಶುರು. ಈ ಆರು ಕಲಿತರೆ ಸ್ಯಾಟ್, ಪಿನ್, ಟ್ಯಾಪ್, ನ್ಯಾಪ್ ಎಲ್ಲ ಓದಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಮ್ಮ ನಲಿಕಲಿ ಪದ್ಧತಿಯ ಉಪಾಯವೂ ಇದೇ. ಅಲ್ಲಿ ವರ್ಣಮಾಲೆ ಬಿಟ್ಟು ರ, ಗ, ಸ, ದ, ಅ ಎಂದು ಹಿಡಿದರು. ಅಷ್ಟರಲ್ಲೇ ಸರ, ದರ, ಅರಸ, ಗರಗಸ ಮಗುವಿನ ಬಾಯಿಗೆ ಬಂದವು.

ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಚಾಪೆಯ ಮೇಲೆ ಕೂತ ಮಕ್ಕಳಿಗೆ ಶಿಕ್ಷಕಿ ‘ಎಂ’ ತೋರಿಸಿ ತುಟಿ ಮುಚ್ಚಿ ‘ಮ್‌ಮ್‌ಮ್’ ಅನ್ನುತ್ತಾರೆ. ‘ಮ’ ಅನ್ನಬಾರದು, ಕೊನೆಗೆ ಸ್ವರ ಸೇರಿದರೆ ಪದ ಕೂಡಿಸುವುದು ಕಷ್ಟ ಎಂದು ನಮಗೂ ಎಚ್ಚರಿಸಿದರು. ಮೂಲಾಕ್ಷರದಲ್ಲೇ ‘ಅ’ಕಾರ ಬೆರೆತಿರುವ ಕನ್ನಡ ಬಾಯಿಗೆ ಇದು ಸಲೀಸಲ್ಲ. ಪಕ್ಕದಲ್ಲಿದ್ದ ಕನ್ನಡದ ತಾಯಿ ನಕ್ಕರು: “ನಾವು ಮನೇಲಿ ಬಿ-ಎ-ಟಿ ಬ್ಯಾಟ್ ಅಂತ ಹೇಳಿಕೊಟ್ರೆ, ‘ಹಾಗಲ್ಲಮ್ಮಾ’ ಅಂತ ಮಗ ನನ್ನನ್ನೇ ತಿದ್ದುತ್ತಾನೆ.”

ಮುಂದಿನ ಕೋಣೆ ‘ಇಯರ್ ಒನ್’, ಐದು-ಆರು ವಯಸ್ಸಿನವರದು. ಇಲ್ಲಿ ಗೋಡೆ ತುಂಬಿ ಹೋಗಿದೆ. ಇಂಗ್ಲಿಷಿಗೆ 26 ಅಕ್ಷರ, ಸುಮಾರು 44 ಧ್ವನಿ. ‘ಈ’ ಎಂಬ ಒಂದೇ ಧ್ವನಿಗೆ ಎಷ್ಟು ವೇಷ! ನೋಡುವ ‘ಸೀ’ಗೆ ಎರಡು ಇ, ಕಡಲಿನ ‘ಸೀ’ಗೆ ಇ ಮತ್ತು ಎ, ಬೀಗದ ‘ಕೀ’ಗೆ ಇ ಮತ್ತು ವೈ. ಧ್ವನಿ ಒಂದೊಂದನ್ನೇ ಬಿಡಿಸಿ, ಮತ್ತೆ ಕೂಡಿಸಿ ಓದುವುದಕ್ಕೆ ಇಷ್ಟು ಕಸರತ್ತು ಯಾಕೆಂದು ಈ ಗೋಡೆ ನೋಡಿದರೆ ತಿಳಿಯುತ್ತದೆ.

ಕಸರತ್ತನ್ನು ಸರ್ಕಾರವೇ ಕಡ್ಡಾಯ ಮಾಡಿದ್ದು ಹೇಗೆಂಬುದಕ್ಕೂ ಒಂದು ಚರಿತ್ರೆಯಿದೆ. ಸ್ಕಾಟ್ಲೆಂಡಿನ ಕ್ಲಾಕ್‌ಮನನ್‌ಷೈರ್‌ನಲ್ಲಿ ಸುಮಾರು 300 ಮಕ್ಕಳ ಮೇಲೆ ರೋನಾ ಜಾನ್‌ಸ್ಟನ್ ಮತ್ತು ಜಾಯ್ಸ್ ವಾಟ್ಸನ್ ಈ ಬಗೆಯ ಓದಿನ ಕುರಿತು ನಡೆಸಿದ ಅಧ್ಯಯನದ ವರದಿ 2005ರಲ್ಲಿ ಹೊರಬಂತು. ಮರುವರ್ಷ ಜಿಮ್ ರೋಸ್ ವರದಿ ಧ್ವನಿ ಕೂಡಿಸಿ ಓದುವ ಇದೇ ಮಾರ್ಗವನ್ನು ಎತ್ತಿಹಿಡಿಯಿತು. 2012ರಿಂದ ಇಂಗ್ಲೆಂಡಿನ ಸರ್ಕಾರಿ ಅನುದಾನದ ಶಾಲೆಗಳಲ್ಲೆಲ್ಲ ಪರೀಕ್ಷೆ ಬಂತು. ಅಧ್ಯಯನ ನಡೆದ ಸ್ಕಾಟ್ಲೆಂಡಿನಲ್ಲಿ ಇಂಥ ರಾಷ್ಟ್ರೀಯ ಪರೀಕ್ಷೆ ಇಲ್ಲ!

ಕೋಣೆಯ ಮೂಲೆಯಲ್ಲಿ ಶಿಕ್ಷಕಿ ಹಳೆಯ ವರ್ಷದ ಪ್ರಶ್ನೆಹಾಳೆ ಹಿಡಿದು ಒಬ್ಬೊಬ್ಬರಿಂದಲೇ ಅಭ್ಯಾಸ ಮಾಡಿಸುತ್ತಿದ್ದರು. ಒಟ್ಟು 40 ಪದ: 20 ನಿಜದವು, 20 ಹುಸಿಯವು. ಹುಸಿ ಪದದ ಪಕ್ಕದಲ್ಲಿ ವಿಚಿತ್ರ ಪ್ರಾಣಿಯ ಚಿತ್ರವಿರುತ್ತದೆ. ಮಕ್ಕಳು ಅದನ್ನು ‘ಏಲಿಯನ್ ವರ್ಡ್’ ಅನ್ನುತ್ತಾರೆ. ಕಂಠಪಾಠ ಮಾಡಿದ ಮಗು ಇಲ್ಲಿ ಸಿಕ್ಕಿಬೀಳುತ್ತದೆ, ಧ್ವನಿ ಕೂಡಿಸಬಲ್ಲ ಮಗು ದಾಟುತ್ತದೆ. ಲೆಕ್ಕಾಚಾರ ಅಚ್ಚುಕಟ್ಟು. ಆದರೆ ಆಗಲೇ ಚೆನ್ನಾಗಿ ಓದುವ ಮಗುವೂ ಎಡವುತ್ತದೆ. ಎದುರಿದ್ದ ಹುಡುಗಿ ‘ಸ್ಟ್ರಾಮ್’ ಎಂಬ ಹುಸಿ ಪದವನ್ನು ‘ಸ್ಟಾರ್ಮ್’ ಎಂದಳು. ಅರ್ಥ ಹುಡುಕುವ ಬುದ್ಧಿಗೆ ಅಂಕ ಹೋಯಿತು.

ಉತ್ತೀರ್ಣಕ್ಕೆ 32 ಅಂಕ ಬೇಕು. ಮೊದಲ ಎರಡು ವರ್ಷ ಈ ಗೆರೆ ಮುಂಚೆಯೇ ಗೊತ್ತಿತ್ತು. ಪರೀಕ್ಷೆ ಮಾಡುವವರು, ಅಂಕ ಹಾಕುವವರು ಎಲ್ಲ ಶಾಲೆಯ ಶಿಕ್ಷಕರೇ. ಫಲಿತಾಂಶದಲ್ಲಿ 31 ಪಡೆದವರು ತೀರಾ ಕಡಿಮೆ, 32 ಪಡೆದವರು ದಂಡಿ! 2014ರಿಂದ ಗೆರೆಯನ್ನು ಪರೀಕ್ಷೆ ಮುಗಿದ ಮೇಲೆ ಪ್ರಕಟಿಸತೊಡಗಿದರು. ಉತ್ತೀರ್ಣರ ಪ್ರಮಾಣ 2012ರಲ್ಲಿ ಶೇ 58 ಇದ್ದದ್ದು 2019ಕ್ಕೆ ಶೇ 82 ಆಯಿತು. ಕೊರೊನಾ ಕಾಲದಲ್ಲಿ ಕುಸಿದು ಮತ್ತೆ ಏರಿ, 2024ರಲ್ಲಿ ಶೇ 80ಕ್ಕೆ ಬಂತು. ದಾಟದ ಮಗು ಮರುವರ್ಷ ಮತ್ತೆ ಹೀಗೆಯೇ ಓದಿ ತೋರಿಸಬೇಕು.

ಕೊನೆಯದು ಪುಸ್ತಕದ ಕಪಾಟು. ಕೆಳಗಿನ ಖಾನೆಗಳಲ್ಲಿ ಕಲಿತ ಧ್ವನಿಗಳಷ್ಟರಿಂದಲೇ ಹೆಣೆದ ಸಣ್ಣ ಪುಸ್ತಕಗಳು. ‘ಸ್ಯಾಮ್’ ‘ಮ್ಯಾಟ್’ ಮೇಲೆ ಕೂರುವುದಕ್ಕಿಂತ ಹೆಚ್ಚಿನದೇನೂ ಅವುಗಳಲ್ಲಿ ನಡೆಯುವುದಿಲ್ಲ. ಮೇಲಿನ ಖಾನೆಯಲ್ಲಿ ಶಿಕ್ಷಕಿ ದಿನವೂ ಓದಿ ಹೇಳುವ ಕಥೆಗಳು. ಎರಡೂ ಬೇಕೆಂದು 2021ರ ಸರ್ಕಾರಿ ಮಾರ್ಗದರ್ಶಿಯೇ ಹೇಳುತ್ತದೆ. ಅಳೆಯುವುದು ಮಾತ್ರ ಕೆಳಗಿನ ಖಾನೆಯನ್ನು; ಸಮಯವೂ ಅಳೆಯುವ ಕಡೆಗೇ ಹರಿಯುತ್ತದೆ. ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ಡೊಮಿನಿಕ್ ವೈಸ್ ಮತ್ತು ಆಲಿಸ್ ಬ್ರ್ಯಾಡ್‌ಬರಿ 2022ರಲ್ಲಿ ಎತ್ತಿದ ಆಕ್ಷೇಪವೂ ಇದೇ ದಿಕ್ಕಿನದು. ಇನ್ನೊಂದು ಕಡೆ, 2021ರ ‘ಪರ್ಲ್ಸ್’ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಇಂಗ್ಲೆಂಡ್ ನಾಲ್ಕನೇ ಸ್ಥಾನಕ್ಕೇರಿದ್ದನ್ನು ಸರ್ಕಾರ ತೋರಿಸುತ್ತದೆ. ಆದರೆ ಬ್ರಿಟನ್ನಿನ ನ್ಯಾಷನಲ್ ಲಿಟರಸಿ ಟ್ರಸ್ಟ್‌ನ 2024ರ ಸಮೀಕ್ಷೆಯಲ್ಲಿ, ಓದು ಖುಷಿ ಕೊಡುತ್ತದೆ ಎಂದ ಎಂಟರಿಂದ ಹದಿನೆಂಟರ ಮಕ್ಕಳು ಮೂವರಲ್ಲಿ ಒಬ್ಬರಷ್ಟೇ.

ಈ ಕೋಣೆಗಳನ್ನು ಕರ್ನಾಟಕದ ಒಂದನೇ ತರಗತಿಯ ಪಕ್ಕದಲ್ಲಿಟ್ಟು ನೋಡಬೇಕು. ಕನ್ನಡದಲ್ಲಿ ಅಕ್ಷರ ಗೊತ್ತಾದರೆ ಉಚ್ಚಾರಣೆಗೆ ತಡಕಾಟವಿಲ್ಲ. ನಮ್ಮ ಕಷ್ಟ ಬೇರೆ: ಕಾಗುಣಿತ, ಒತ್ತಕ್ಷರ ಸೇರಿ ಕಣ್ಣಿಗೆ ಬೀಳುವ ರೂಪಗಳು ನೂರಾರು. ಇವೆಲ್ಲ ಕೈವಶವಾಗಲು ಮಕ್ಕಳಿಗೆ ಹಲವು ವರ್ಷ ಬೇಕೆಂದು ಸಂಶೋಧಕಿ ಸೋನಾಲಿ ನಾಗ್ ಅವರ ಅಧ್ಯಯನ ತೋರಿಸಿದೆ. ನಮ್ಮಲ್ಲಿ ಪುಟವನ್ನು ಗಟ್ಟಿಯಾಗಿ ಓದಿ, ಕಥೆಯಲ್ಲಿ ಏನಾಯಿತೆಂದು ಕೇಳಿದರೆ ಸುಮ್ಮನಾಗುವ ಮಗುವೂ ಇದೆ. ಹುಸಿ ಪದದ ಪರೀಕ್ಷೆ ಆ ಮಗುವನ್ನು ಹಿಡಿಯಲಾರದು. 2021ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಮೂರನೇ ತರಗತಿಗೆ ಗೊತ್ತುಮಾಡಿದ ಗುರಿ, ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥಸಹಿತ. ಗಡಿಯಾರ ಹಿಡಿದವರು ಆ ‘ಅರ್ಥಸಹಿತ’ವನ್ನು ಕೈಬಿಟ್ಟರೆ ಉಳಿಯುವುದು ಓಟವಷ್ಟೇ.

ಲೆಸ್ಟರ್‌ನಿಂದ ತರಬಹುದಾದದ್ದು ಒಂದಿದೆ: ಆರರ ವಯಸ್ಸಿಗೇ ಪ್ರತಿ ಮಗುವಿನ ಪಕ್ಕ ಕೆಲವು ನಿಮಿಷ ಕೂತು ಓದಿಸಿ ಕೇಳುವ ಪದ್ಧತಿ. ಕೇಳುವುದೇನೆಂಬುದನ್ನು ನಮ್ಮ ಲಿಪಿ ನಿರ್ಧರಿಸಲಿ. ಅಂಕದ ಗೆರೆ ಎಳೆಯುವ ಗೋಜಿಗೆ ಹೋಗದಿದ್ದರೆ ಇನ್ನೂ ಒಳ್ಳೆಯದು. ಗೆರೆ ಎಳೆದಲ್ಲಿ 32 ಪಡೆದವರ ದಂಡೂ ಬರುತ್ತದೆ.