ಕಿಟಕಿಯ ಬಣ್ಣದಲ್ಲಿ ಅಡಗಿದ ಸೀಸ

ಹಬ್ಬ ಹತ್ತಿರ ಬಂತೆಂದರೆ ಮನೆಗೆ ಬಣ್ಣ ಬಳಿಸುವ ಸಡಗರ. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿಯೂ ಇದಕ್ಕೆ ಹೊರತಲ್ಲ. ಒಂದು ಕಾಲಕ್ಕೆ ಕೆರೆ, ಹೊಲಗಳ ನಡುವಿನ ಹಳ್ಳಿಯಾಗಿದ್ದ ಇಲ್ಲಿ ಈಗ ಹಳೆಯ ಮನೆಗಳೂ ಬಹುಮಹಡಿ ಕಟ್ಟಡಗಳೂ ಅಕ್ಕಪಕ್ಕದಲ್ಲೇ ನಿಂತಿವೆ. ಹೊಸ ಬಣ್ಣ ಬಳಿಯುವ ಮೊದಲು ಕಿಟಕಿ, ಬಾಗಿಲು, ಗ್ರಿಲ್ಲುಗಳ ಹಳೆಯ ಬಣ್ಣವನ್ನು ಎಮರಿ ಪೇಪರಿನಿಂದ ಉಜ್ಜಿ ತೆಗೆಯುವುದು ವಾಡಿಕೆ. ಆಗ ಏಳುವ ನುಣ್ಣನೆಯ ಪುಡಿ ನೆಲದ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಮಗುವಿನ ಅಂಗೈಗೆ ಅಂಟಿ, ಅಲ್ಲಿಂದ ಬಾಯಿ ಸೇರುತ್ತದೆ. ಆ ಬಣ್ಣ ಹಳೆಯದಾಗಿದ್ದರೆ ಪುಡಿಯಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು.

ಪುಟ್ಟೇನಹಳ್ಳಿಯವರಿಗೆ ಮಾಲಿನ್ಯದ ವಿರುದ್ಧದ ಹೋರಾಟ ಹೊಸದೇನಲ್ಲ. ಸುಮಾರು 13 ಎಕರೆಯ ತಮ್ಮ ಕೆರೆ ಕಣ್ಣೆದುರೇ ಹಾಳಾಗುತ್ತಿದ್ದಾಗ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ರಚಿಸಿಕೊಂಡು, ದಾನಿಗಳಿಂದ ನೆರವು ಪಡೆದು ಅದನ್ನು ಉಳಿಸಿಕೊಂಡರು. ಕೆರೆಯ ಕೊಳೆ ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ. ಮನೆಯೊಳಗಿನ ಸೀಸ ಕಾಣುವುದೂ ಇಲ್ಲ, ವಾಸನೆಯೂ ಇಲ್ಲ. ಕಾಣದ ವಿಷದ ವಿರುದ್ಧ ಹಣ ಹೂಡುವವರು ಯಾರು?

ಬಣ್ಣಕ್ಕೇಕೆ ಸೀಸ?

ಹೊಳಪು, ಗಾಢತೆ, ಬಾಳಿಕೆ - ಈ ಮೂರಕ್ಕಾಗಿ ಬಣ್ಣಕ್ಕೆ ಸೀಸದ ಸಂಯುಕ್ತಗಳನ್ನು ಬೆರೆಸಲಾಗುತ್ತಿತ್ತು. ಕಣ್ಸೆಳೆಯುವ ಹಳದಿಗೆ ಲೆಡ್ ಕ್ರೋಮೇಟ್, ಕಬ್ಬಿಣಕ್ಕೆ ತುಕ್ಕು ಹಿಡಿಯದಿರಲು ರೆಡ್ ಲೆಡ್, ಬಣ್ಣ ಬೇಗ ಒಣಗಲು ಇನ್ನೊಂದು ಸಂಯುಕ್ತ. ನೀರಿನಲ್ಲಿ ಕಲಸಿ ಗೋಡೆಗೆ ಬಳಿಯುವ ಬಣ್ಣಗಳಿಗಿಂತ ಬಾಗಿಲು, ಗ್ರಿಲ್ಲುಗಳಿಗೆ ಬಳಿಯುವ ಎನಾಮಲ್ ಬಣ್ಣಗಳಲ್ಲೇ ಇದರ ಬಳಕೆ ಹೆಚ್ಚು.

ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಮೂಳೆಯಲ್ಲಿ ಕೂಡಿಡುತ್ತದೆ. ಹೊಟ್ಟೆ ಸೇರಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರ ದೇಹಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುತ್ತಿರುವ ಮಿದುಳಿಗೆ ಇದರಿಂದ ಆಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ಬುದ್ಧಿಶಕ್ತಿ ಕುಗ್ಗಬಹುದು, ಏಕಾಗ್ರತೆ ತಪ್ಪಬಹುದು. ಪಾಠದಲ್ಲಿ ಹಿಂದುಳಿದ ಮಗುವನ್ನು 'ದಡ್ಡ' ಎಂದು ಗದರುವ ಮನೆಯವರಿಗಾಗಲಿ ಶಿಕ್ಷಕರಿಗಾಗಲಿ ಸೀಸದ ಅನುಮಾನ ಬರುವುದುಂಟೆ?

ಮೊದಲು ಅಳತೆ

ಅನುಮಾನ ಬಂದದ್ದು ಬೆಂಗಳೂರಿನಲ್ಲಿ. ಅಮೆರಿಕದಲ್ಲಿ ಉದ್ಯಮ ನಡೆಸಿ ಮರಳಿದ ಅಬ್ರಹಾಂ ಜಾರ್ಜ್ ಅವರ ಜಾರ್ಜ್ ಫೌಂಡೇಷನ್, ತೊಂಬತ್ತರ ದಶಕದ ಕೊನೆಯಲ್ಲಿ 'ಪ್ರಾಜೆಕ್ಟ್ ಲೆಡ್-ಫ್ರೀ' ಹೆಸರಿನ ಯೋಜನೆಗೆ ಹಣ ಒದಗಿಸಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅದರ ಬೆನ್ನೆಲುಬಾದರು. ಬೆಂಗಳೂರು ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ಸಾವಿರಾರು ಮಕ್ಕಳ ರಕ್ತ ಪರೀಕ್ಷೆ ನಡೆಯಿತು. ಪರೀಕ್ಷೆಗೆ ಒಳಪಟ್ಟ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ, ಪ್ರತಿ ಡೆಸಿಲೀಟರಿಗೆ 10 ಮೈಕ್ರೊಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿತ್ತು. ಅಮೆರಿಕ ಅಂದು ಎಚ್ಚರಿಕೆಯ ಗಂಟೆ ಎಂದು ಗುರುತಿಸಿದ್ದ ಮಟ್ಟವೇ ಅದು. 2021ರಲ್ಲಿ ಆ ದೇಶ ಅದನ್ನು 3.5ಕ್ಕೆ ಇಳಿಸಿದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲ ಎಂಬುದು ಇಂದಿನ ತಿಳಿವಳಿಕೆ.

1999ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ಅಂಕಿಅಂಶಗಳು ಚರ್ಚೆಗೆ ಬಂದವು. ಅಂದು ಮುಖ್ಯ ಅಪರಾಧಿ ಪೆಟ್ರೋಲು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂದಾಗ ಆ ದಾರಿ ಮುಚ್ಚಿತು. ಬಣ್ಣದ ಸೀಸ ಮಾತ್ರ ಮನೆಯೊಳಗೇ ಉಳಿಯಿತು. ಮುಂದೆ ಸೇಂಟ್ ಜಾನ್ಸ್‌ನಲ್ಲಿ ಸೀಸದ ವಿಷಬಾಧೆಗಾಗಿಯೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿದ ವೆಂಕಟೇಶ್, ಸೀಸದ ಮೂಲ ಪತ್ತೆಗೆ ಎಕ್ಸ್-ರೇ ತಂತ್ರದ ಕೈಯಂತ್ರ ಬಳಸಿದರು. ಬಣ್ಣಕ್ಕೆ ಒತ್ತಿ ಹಿಡಿದರೆ ಕ್ಷಣಗಳಲ್ಲಿ ಸೀಸದ ಪ್ರಮಾಣ ತಿಳಿಸುವ ಸಾಧನವದು.

ನೆರವಿನ ಹಣ, ನಂತರ ನಿಯಮ

ಬಣ್ಣದ ವಿಷಯದಲ್ಲೂ ಕೆಲಸಕ್ಕೆ ಬಂದದ್ದು ಅನುದಾನವೇ. ಐರೋಪ್ಯ ಒಕ್ಕೂಟದ ನೆರವಿನಿಂದ 2012ರಿಂದ 2015ರವರೆಗೆ ಭಾರತ, ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಸೇರಿ ಏಷ್ಯಾದ ಏಳು ದೇಶಗಳಲ್ಲಿ ಸೀಸದ ಬಣ್ಣ ನಿರ್ಮೂಲನ ಯೋಜನೆ ನಡೆಯಿತು. ನಮ್ಮಲ್ಲಿ ಅದನ್ನು ನಡೆಸಿದ್ದು ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ. ಅಂಗಡಿಯಿಂದ ಡಬ್ಬಗಳನ್ನು ಕೊಂಡು, ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡುವುದು ಅದರ ವಿಧಾನ.

ಕೊನೆಗೂ 2016ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಯಮ ಹೊರಡಿಸಿತು. ಗೃಹಬಳಕೆಯ ಮತ್ತು ಅಲಂಕಾರಿಕ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು. ಅಂದರೆ ಒಂದು ಕಿಲೋ ಬಣ್ಣದಲ್ಲಿ 90 ಮಿಲಿಗ್ರಾಂ. ಮಿತಿ ಪಾಲಿಸಿರುವುದನ್ನು ಡಬ್ಬದ ಮೇಲೆ ಮುದ್ರಿಸುವುದೂ ಕಡ್ಡಾಯ. ಒಂದು ವರ್ಷದ ಬಳಿಕ ಇದು ಜಾರಿಗೆ ಬಂತು. ಮನೆಯ ಪಿ.ವಿ.ಸಿ. ಕೊಳವೆಗಳಲ್ಲಿ ಬಳಸುವ ಸೀಸಕ್ಕೂ 2021ರಲ್ಲಿ ಪ್ರತ್ಯೇಕ ನಿಯಮ ಬಂದಿದೆ.

ಆದರೆ ಈ ನಿಯಮಗಳೆಲ್ಲ ಹೊಸ ಸಾಮಗ್ರಿಗೆ. ಕಾರ್ಖಾನೆ, ಯಂತ್ರಗಳಿಗೆ ಬಳಸುವ ಕೈಗಾರಿಕಾ ಬಣ್ಣವೂ 2016ರ ನಿಯಮದ ಹೊರಗಿದೆ. ಈಗಾಗಲೇ ಗ್ರಿಲ್ಲಿನ ಮೇಲೆ ಪದರ ಪದರವಾಗಿ ಕುಳಿತ ಬಣ್ಣದ ಪಾಡೇನು? ಅಮೆರಿಕ 1978ರಲ್ಲೇ ಮನೆಬಳಕೆಗೆ ಸೀಸದ ಬಣ್ಣ ನಿಷೇಧಿಸಿತು. ಅಷ್ಟಕ್ಕೇ ನಿಲ್ಲದೆ, 1992ರ ಕಾಯ್ದೆಯಡಿ ಬಡವರ ಮನೆಗಳ ಹಳೆಯ ಬಣ್ಣದ ಅಪಾಯ ತೊಡೆಯಲು ಸ್ಥಳೀಯ ಆಡಳಿತಗಳಿಗೆ ಅನುದಾನ ಕೊಡತೊಡಗಿತು. ನಮ್ಮಲ್ಲಿ ಆ ಹೊಣೆ ಬಿದ್ದಿರುವುದು ಮನೆಯವರ ಮೇಲೇ.

ಮನೆಯವರು ಏನು ಮಾಡಬಹುದು?

ಹಳೆಯ ಬಣ್ಣ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆದಕುವ ಬದಲು ಅದರ ಮೇಲೆಯೇ ಹೊಸ ಬಣ್ಣ ಬಳಿಸುವುದು ಲೇಸು. ಹಕ್ಕಳೆ ಏಳುತ್ತಿದ್ದರೆ ಒಣದಾಗಿ ಉಜ್ಜಿಸಬಾರದು. ನೀರು ಚಿಮುಕಿಸಿ, ಒದ್ದೆ ಮಾಡಿಯೇ ಉಜ್ಜಿಸಬೇಕು. ಬೆಂಕಿಯಿಂದ ಸುಟ್ಟು ಬಣ್ಣ ತೆಗೆಯುವುದಂತೂ ಕೂಡದು. ಕೆಲಸ ನಡೆಯುವಾಗ ಮಕ್ಕಳೂ ಗರ್ಭಿಣಿಯರೂ ಬೇರೆಡೆ ಇರಲಿ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಕೆಲಸ ಮುಗಿದ ಮೇಲೆ ಪೊರಕೆ ಹಿಡಿಯದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಊಟಕ್ಕೆ ಮೊದಲು ಕೈತೊಳೆಯುವ ಅಭ್ಯಾಸ ಮಕ್ಕಳಿಗೆ ಇರಲಿ. ಕಬ್ಬಿಣಾಂಶ, ಕ್ಯಾಲ್ಸಿಯಂ ಕೊರತೆಯಿರುವ ದೇಹ ಸೀಸವನ್ನು ಹೆಚ್ಚು ಹೀರುವುದರಿಂದ ರಾಗಿ, ಸೊಪ್ಪು, ಹಾಲು ತಟ್ಟೆಯಲ್ಲಿರಲಿ. ಸಂದೇಹವಿದ್ದರೆ ವೈದ್ಯರನ್ನು ಕೇಳಿ ಮಗುವಿನ ರಕ್ತ ಪರೀಕ್ಷೆ ಮಾಡಿಸಬಹುದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿಯನ್ನೇ ಮತ್ತೆ ಮಾಡುವ ಬದಲು, ಬಡಾವಣೆಯ ಅಂಗಡಿಗಳಲ್ಲಿನ ಬಣ್ಣದ ಡಬ್ಬಗಳ ಮೇಲೆ ಸೀಸದ ವಿವರ ಇದೆಯೇ ಎಂದು ನೋಡಿ ಪಟ್ಟಿ ಮಾಡಬಹುದು. ಶಾಲೆಯ ಗೇಟು, ಬೆಂಚು, ಜಾರುಬಂಡೆಗೆ ಯಾವ ಬಣ್ಣ ಬಳಿದಿದ್ದಾರೆಂದು ವಿಚಾರಿಸಬಹುದು.

ಮರೆಯಬಾರದವನು ಇನ್ನೊಬ್ಬನಿದ್ದಾನೆ. ದಿನವಿಡೀ ಕಿಟಕಿ ಉಜ್ಜಿದ ಕೆಲಸಗಾರ ಸಂಜೆ ಅದೇ ಅಂಗಿಯಲ್ಲಿ ಮನೆಗೆ ಹೋಗುತ್ತಾನೆ, ಬಾಗಿಲಿಗೆ ಓಡಿಬಂದ ಮಗುವನ್ನು ಎತ್ತಿಕೊಳ್ಳುತ್ತಾನೆ. ಅವನಿಗೊಂದು ಮುಖಗವಸು, ಕೈಕಾಲು ತೊಳೆಯಲು ಸೋಪು, ನೀರು, ಬಟ್ಟೆ ಬದಲಿಸಲು ಒಂದಿಷ್ಟು ಜಾಗ - ಮೇಸ್ತ್ರಿಯ ಜತೆ ಕೂಲಿ ಮಾತನಾಡುವಾಗ ಇದನ್ನೂ ಮಾತನಾಡಿಕೊಂಡರೆ ತಗಲುವ ಖರ್ಚು ಎಷ್ಟು ಮಹಾ?