ಏಳನೇ ನಂಬರಿನ ರೈಲು

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ನಿನಿಂದ ನದಿಯ ಅಡಿಯಲ್ಲಿ ನುಸುಳಿಕೊಂಡು ಬಂದ ಏಳನೇ ನಂಬರಿನ ರೈಲು, ಕ್ವೀನ್ಸಿನಲ್ಲಿ ಬೆಳಕಿಗೆ ಬಿದ್ದು, ಕಬ್ಬಿಣದ ಕಂಬಗಳನ್ನೇರಿ, ಮನೆಗಳ ಮೇಲ್ಮಹಡಿಯ ಕಿಟಕಿಗಳಿಗೆ ಸರಿಸಮನಾಗಿ ಓಡತೊಡಗುತ್ತದೆ. ಸುರಂಗದಲ್ಲಿ ಸತ್ತಿದ್ದ ಫೋನುಗಳಿಗೆ ಜೀವ ಬಂದದ್ದೇ ತಡ, ಡಬ್ಬಿಯ ತುಂಬ ಮಾತು. ಎದುರಿನ ಸೀಟಿನ ನರ್ಸಮ್ಮ ಫಿಲಿಪೀನ್ಸಿನ ಟಗಾಲೊಗ್‌ನಲ್ಲಿ ಯಾರನ್ನೋ ಗದರಿಸುತ್ತಿದ್ದಾಳೆ. ಬಾಗಿಲಿಗೊರಗಿದ ಹುಡುಗರದು ಸ್ಪ್ಯಾನಿಷ್. ಒಂದು ಕಾಲಕ್ಕೆ ಐರಿಷರ ಬೀಡಾಗಿದ್ದ ವುಡ್‌ಸೈಡಿನಲ್ಲಿ ನರ್ಸಮ್ಮ ಇಳಿದುಹೋಗುತ್ತಾಳೆ. ನಾವು ಇನ್ನೆರಡು ನಿಲ್ದಾಣ ಮುಂದೆ, 74ನೇ ಬೀದಿಯಲ್ಲಿ ಇಳಿಯೋಣ.

ಮೆಟ್ಟಿಲಿಳಿದರೆ ರೂಸ್‌ವೆಲ್ಟ್ ಅವೆನ್ಯೂ. ತಲೆಯ ಮೇಲೆ ರೈಲುಹಳಿಯೇ ಚಪ್ಪರ, ಹಗಲಲ್ಲೂ ಅರೆಗತ್ತಲು. ಜರ್ದಾ ವಾಸನೆಯನ್ನು ಮೋಮೋದ ಹಬೆ ಅಟ್ಟಿಸಿಕೊಂಡು ಬರುತ್ತದೆ, ಅದರ ಹಿಂದೆ ಕೆಂಡದ ಮೇಲೆ ಸುಡುವ ಮಾಂಸದ ಕಮರು. ಎಲೆಗೆ ಸುಣ್ಣ ಸವರುತ್ತಿರುವ ಬಂಗಾಳಿ ಗಿರಾಕಿಯೊಡನೆ ರಾಜಕೀಯ ಮಾತಾಡುತ್ತಿದ್ದಾನೆ. ಅಷ್ಟರಲ್ಲಿ ಮೇಲೆ ರೈಲು ಧಡಧಡ ಬರುತ್ತದೆ. ಆಗ ನೋಡಬೇಕು: ಇಡೀ ಬೀದಿ ಬಾಯಿ ತೆರೆದಂತೆಯೇ ನಿಲ್ಲುತ್ತದೆ. ಪಾನ್‌ವಾಲಾನ ವಾದ, ಟಿಬೆಟನ್ ಹೆಂಗಸಿನ ಚೌಕಾಸಿ, ಹಣ್ಣಿನವನ ಕೂಗು, ಎಲ್ಲವೂ ಅರ್ಧ ಪದದಲ್ಲಿ ಸ್ತಬ್ಧ. ರೈಲು ದಾಟಿದ ಮೇಲೆ ಉಳಿದರ್ಧ ಪದದಿಂದ ಮಾತು ಮುಂದುವರಿಯುತ್ತದೆ. ಒಂದು ಶತಮಾನದಿಂದ ಇದೇ ಪಾಠ. ಈ ಮೇಲ್ಸೇತುವೆಯ ಮೇಲೆ ಇಲ್ಲಿ ರೈಲು ಓಡಲು ಶುರುವಾದದ್ದು 1917ರಲ್ಲಿ.

ಫೋನ್ ರಿಪೇರಿ ಅಂಗಡಿಯ ಮುಂದೆ ಸ್ವಲ್ಪ ನಿಲ್ಲಿ. ತಾಯಿಗೆ ಇಂಗ್ಲಿಷ್ ಬಾರದು, ಅಂಗಡಿಯವನಿಗೆ ಸ್ಪ್ಯಾನಿಷ್ ಬಾರದು. ನಡುವೆ ಎಂಟೊಂಬತ್ತು ವರ್ಷದ ಹುಡುಗಿ, ಬೆನ್ನಿಗೆ ಶಾಲೆಯ ಚೀಲ. ‘ಮದರ್‌ಬೋರ್ಡ್ ಹೋಗಿದೆ’ ಅನ್ನುತ್ತಾನೆ ಅವನು. ಹುಡುಗಿ ತುಟಿ ಕಚ್ಚಿಕೊಂಡು ಯೋಚಿಸುತ್ತಾಳೆ. ಮದರ್ ಗೊತ್ತು, ಬೋರ್ಡ್ ಗೊತ್ತು, ಎರಡೂ ಸೇರಿದರೆ ಏನೋ ತಿಳಿಯದು. ಕೊನೆಗೆ ತನ್ನ ಹಣೆ ತಟ್ಟಿಕೊಂಡು ‘ಸೆರೆಬ್ರೊ’ ಅನ್ನುತ್ತಾಳೆ. ಮಿದುಳು! ತಾಯಿಗೆ ತಕ್ಷಣ ಅರ್ಥವಾಗಿ, ಫೋನನ್ನು ಶವ ನೋಡಿದ ಹಾಗೆ ನೋಡುತ್ತಾಳೆ. ಆಸ್ಪತ್ರೆ, ಬ್ಯಾಂಕು, ಬಾಡಿಗೆಯ ತಕರಾರು, ಎಲ್ಲಿಗೂ ಇಂಥ ಪುಟ್ಟ ದುಭಾಷಿಗಳೇ ದಾರಿ.

ಈ ಸಂತೆ ನೆರೆದದ್ದರ ಹಿಂದೆ ಒಂದು ಸಹಿ ಇದೆ. 1965ರಲ್ಲಿ ಅಧ್ಯಕ್ಷ ಜಾನ್ಸನ್ ವಲಸೆ ಕಾಯ್ದೆಗೆ ರುಜು ಹಾಕಿ, ಯುರೋಪಿನವರಿಗೇ ಮಣೆ ಹಾಕುತ್ತಿದ್ದ ಹಳೆಯ ಕೋಟಾ ತೆಗೆದರು. ಎಪ್ಪತ್ತರ ದಶಕದಲ್ಲಿ ಇಲ್ಲೇ 74ನೇ ಬೀದಿಯಲ್ಲಿ, ಊರಿಗೆ ಹೊರಟ ಭಾರತೀಯರಿಗಾಗಿ 220 ವೋಲ್ಟಿನ ಮಿಕ್ಸಿ, ಟೇಪ್‌ರೆಕಾರ್ಡರ್ ಮಾರುವ ಅಂಗಡಿಗಳೆದ್ದವು. ಹಿಂದೆಯೇ ಸೀರೆ, ಬಂಗಾರ, ಮಿಠಾಯಿ. ಈಗ ಕ್ವೀನ್ಸಿನ ಸುಮಾರು 24 ಲಕ್ಷ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. 2013ರಿಂದ ಇಲ್ಲಿನ ಹಲವು ಮತಗಟ್ಟೆಗಳಲ್ಲಿ ಬಂಗಾಳಿಯಲ್ಲೂ ಮತಪತ್ರ ಸಿಗುತ್ತದೆ. ಅಳಿವಿನಂಚಿನ ಭಾಷೆಗಳನ್ನು ದಾಖಲಿಸುವ ಸಂಸ್ಥೆಯೊಂದು ಲೆಕ್ಕ ಹಾಕಿದ ಪ್ರಕಾರ ನ್ಯೂಯಾರ್ಕ್ ಪ್ರದೇಶದಲ್ಲಿ ಸುಮಾರು 700 ಭಾಷೆಗಳಿವೆ.

ಅವುಗಳಲ್ಲೊಂದರ ಹೆಸರು ಸೆಕೆ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲ. ನೇಪಾಳದ ಮುಸ್ತಾಂಗಿನ ಚಳಿನಾಡಿನದು, ‘ಚಿನ್ನದ ಮಾತು’ ಎಂದು ಅರ್ಥವಂತೆ. ಐದು ಹಳ್ಳಿಗಳ ಭಾಷೆ, ಲೋಕದಲ್ಲಿ ಆಡುವವರು 700 ಮಂದಿಯಷ್ಟೆ. ಅವರಲ್ಲಿ ನೂರಕ್ಕೂ ಹೆಚ್ಚು ಜನ ಈ ನಗರದಲ್ಲಿದ್ದಾರೆ, ಅದರಲ್ಲಿ ಅರ್ಧದಷ್ಟು ಬ್ರೂಕ್ಲಿನ್ನಿನ ಒಂದೇ ವಠಾರದಲ್ಲಿ. ಒಂದು ಹಳ್ಳಿಯೇ ಎದ್ದು ಬಂದು ಲಿಫ್ಟಿನಲ್ಲಿ ಹತ್ತಿ ಇಳಿಯುತ್ತಿರುವ ಹಾಗೆ.

ಆದರೆ 700 ಭಾಷೆಗಳೆಂಬ ಸಂಖ್ಯೆಗೆ ಮರುಳಾಗಬೇಡಿ. ಇದು ಬಂದವರ ಲೆಕ್ಕ, ಉಳಿಸಿಕೊಂಡವರದ್ದಲ್ಲ. ಮೊಮ್ಮಕ್ಕಳ ಕಾಲಕ್ಕೆ ಬಹುಪಾಲು ಮನೆಗಳಲ್ಲಿ ಇಂಗ್ಲಿಷೊಂದೇ ಮಿಕ್ಕಿರುತ್ತದೆ. ಇಟಾಲಿಯನ್, ಯಿಡ್ಡಿಷ್, ಪೋಲಿಷ್ ಎಲ್ಲವೂ ಈ ದಾರಿ ಹಿಡಿದವೇ. ಇಂಗ್ಲಿಷನ್ನು ಇಡೀ ದೇಶದ ಅಧಿಕೃತ ಭಾಷೆಯೆಂದು ಅಧ್ಯಕ್ಷರು ಆದೇಶ ಹೊರಡಿಸಿದ್ದು 2025ರ ಮಾರ್ಚಿನಲ್ಲಿ. ಅಲ್ಲಿಯವರೆಗೆ ಶಾಲೆಯ ಅಂಗಳ, ಟಿವಿ ಇಷ್ಟೇ ಮನೆಮಾತು ಮರೆಸುವ ಕೆಲಸ ಮುಗಿಸುತ್ತಿದ್ದವು.

ಮತ್ತೆ ರೈಲು ಹತ್ತಿ ಕೊನೆಯ ನಿಲ್ದಾಣಕ್ಕೆ ಬನ್ನಿ, ಫ್ಲಶಿಂಗ್. ಚೀನೀ ಅಕ್ಷರಗಳ ಬೋರ್ಡುಗಳ ಸಾಲು ದಾಟಿ ಒಂದಷ್ಟು ನಡೆದರೆ 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿ ದೇವಸ್ಥಾನ, ನೆಲಮಾಳಿಗೆಯಲ್ಲಿ ಕ್ಯಾಂಟೀನು. ಕಾವಲಿಯ ಮೇಲೆ ದೋಸೆ ಚುಂಯ್ ಅನ್ನುವ ಸದ್ದಿಗೆ ಮಾತ್ರ ಅನುವಾದ ಬೇಕಿಲ್ಲ. ಪಕ್ಕದ ಮೇಜಿನಿಂದ ‘ಪುಟ್ಟಾ, ಚಟ್ನಿ ಹಾಕ್ಲಾ?’ ಕೇಳಿಸುತ್ತದೆ. ‘ನೋ ಅಮ್ಮ, ಟೂ ಸ್ಪೈಸಿ.’ ಅಷ್ಟರಲ್ಲಿ ಸಾಂಬಾರಿನ ಬಟ್ಟಲಿಗೆ ಒರಗಿಸಿಟ್ಟ ಫೋನಿನಲ್ಲಿ ಅಜ್ಜಿಯ ಮುಖ ಮೂಡುತ್ತದೆ, ಹಿಂದೆ ಕರ್ನಾಟಕದ ಯಾವುದೋ ಊರಿನ ರಾತ್ರಿ. ಮೊಮ್ಮಗನನ್ನು ಕಂಡದ್ದೇ ಅಜ್ಜಿ, ತನಗೆ ಬರುವ ಅಷ್ಟಿಷ್ಟು ಇಂಗ್ಲಿಷನ್ನೆಲ್ಲ ಕೂಡಿಸಿಕೊಂಡು, ‘ಈಟ್ ಕಂದಾ, ಈಟ್’ ಅನ್ನುತ್ತಾರೆ.

ಅಜ್ಜಿಯರೇ, ನಿಮ್ಮಲ್ಲೊಂದು ಬಿನ್ನಹ. ಅಲ್ಲಿ ಇಂಗ್ಲಿಷ್ ಕಲಿಸಲು ಇಡೀ ದೇಶವೇ ಇದೆ. ನೀವು ಕನ್ನಡದಲ್ಲೇ ಗದರಿಸಿ.